ಗಂಡಿನ ಕಡೆಯ ಬೊಂಗ್

ಸಿಡ್ನಿಯ ರೌಸ್ ಹಿಲ್ ದಾಟಿ ಹೋದರೆ, ಹೊಸ ಮನೆಗಳು ಮುಗಿದು ಕುದುರೆ ಮೇಯುವ ಹುಲ್ಲುಗಾವಲು ಶುರುವಾಗುವ ಕಡೆ, ಬೊಂಗ್ ಒಂದು ತುಂಡು ಭೂಮಿಯನ್ನು ರೆಂಟ್‌ಗೆ ಹಿಡಿದು ತರಕಾರಿ ಬೆಳೆಯುತ್ತಿದ್ದರು. ಈ ವರ್ಷ ಆ ಭೂಮಿಗೂ ಮನೆ ಕಟ್ಟುವವರು ಬಂದರು. ತೋಟ ಬಿಟ್ಟುಕೊಡುವ ಮೊದಲಿನ ಭಾನುವಾರ ಅವರು ಮುಖ ಸಣ್ಣದು ಮಾಡಿ ಕೂರಲಿಲ್ಲ. ಗೊತ್ತಿದ್ದವರನ್ನೆಲ್ಲ ಫೋನ್ ಮಾಡಿ ಕರೆದರು. "ಬೇಕಾದದ್ದನ್ನು ಬೇರು ಸಮೇತ ಕಿತ್ತುಕೊಂಡು ಹೋಗಿ. ಬುಲ್ಡೋಜರ್‌ನವನಿಗೆ ಒಂದು ಮೆಣಸಿನಕಾಯಿಯೂ ಸಿಗಬಾರದು" ಎಂದು ಅಪ್ಪಣೆ ಕೊಟ್ಟು, ತಮ್ಮ ಹಳೇ ಗಾಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತು, ಬಂದವರಿಗೆಲ್ಲ ಸುಟ್ಟ ಮೀನು ಕೊಟ್ಟರು. ನಾವು ತಿಂದೆವು, ಕಿತ್ತೆವು, ನಕ್ಕೆವು. ಅಂಥ ಬೀಳ್ಕೊಡುಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಅವರಿಗೆ ಮಂಡಿನೋವು. ತೋಟವೂ ಇಲ್ಲ. ಪ್ಯಾರಮಟ್ಟಾದ ಒಂದು ಯುನಿಟ್ ಮನೆಯಲ್ಲಿ ಆರಾಮಾಗಿದ್ದಾರೆ. ಸತ್ತ ಮೇಲೆ ಹೊಗಳುವವರು ಬಹಳ ಜನ ಸಿಗುತ್ತಾರೆ, ನಾನು ಇದ್ದಾಗಲೇ ಬರೆಯುತ್ತೇನೆ ಎಂದು ಹೇಳಿದೆ. "ಬರಿ ತಮ್ಮ. ಹೆಸರು ಮಾತ್ರ ಹಾಕಬೇಡ. ಹಾಕಿದರೆ ಎಲ್ಲರೂ ಬಂದು ನಿನಗೆ ಕೊಟ್ಟ ರೇಟಿಗೇ ಸೊಪ್ಪು ಕೇಳುತ್ತಾರೆ" ಎಂದರು. ತೋಟವೇ ಇಲ್ಲದ ಮೇಲೆ ಯಾವ ಸೊಪ್ಪು ಎಂದು ನಾನು ಕೇಳಲಿಲ್ಲ. ಅವರನ್ನು ಮಾತಿನಲ್ಲಿ ಗೆದ್ದವರಿಲ್ಲ.

ಬೊಂಗ್ ಅವರ ಹೆಸರಲ್ಲ. ಅವರು ಕಾಂಬೋಡಿಯ ದೇಶದವರು. ಅಲ್ಲಿ ತನಗಿಂತ ದೊಡ್ಡವರನ್ನು, ಅಕ್ಕನಾಗಲಿ ಅಣ್ಣನಾಗಲಿ, ಬೊಂಗ್ ಎನ್ನುತ್ತಾರೆ. ನನಗೆ ಅವರು ಅಕ್ಕ, ನಾನು ಹಾಗೆ ಕರೆದೆ, ಅವರು ನನ್ನನ್ನು ತಮ್ಮ ಎಂದರು. ಅವರ ಇಂಗ್ಲಿಷಿಗೆ ಕಾಲಿಲ್ಲ, ನನ್ನದಕ್ಕೆ ಕೈಯಿಲ್ಲ. ಹಾಗಾಗಿ ಅವರ ಮಾತನ್ನು ನಾನು ನಮ್ಮ ಮಾತಿನಲ್ಲೇ ಬರೆಯುವವನು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಉಡುಪಿ ಕಡೆಯಿಂದ ಬೆಂಗಳೂರಿನ ಹೋಟೆಲಿಗೆ ಲೋಟ ತೊಳೆಯಲು ಹೋಗಿ, ಮುಂಬಯಿ, ದುಬೈ ಎಲ್ಲ ಕಂಡು ಸಿಡ್ನಿಗೆ ಬಂದವನು. ದೋಸೆ ಕಾವಲಿ ನನ್ನ ಕೈ ಬಿಡಲಿಲ್ಲ. ಇವತ್ತು ಪ್ಯಾರಮಟ್ಟಾದಲ್ಲಿ ನನ್ನದೇ ಹೋಟೆಲಿದೆ, ಅದರ ಮಾರ್ಟ್‌ಗೇಜ್ ನನ್ನ ಬೆವರಿನಿಂದಲೇ ಕಟ್ಟುತ್ತೇನೆ. ಇದನ್ನು ಜಂಬಕ್ಕೆ ಹೇಳಿದೆ ಅಂದುಕೊಂಡರೂ ಅಡ್ಡಿಯಿಲ್ಲ. ಬರೆಯುವವನು ಪಂಡಿತ ಎಂದುಕೊಂಡು ಯಾರೂ ತಪ್ಪು ಹುಡುಕದಿದ್ದರೆ ಸಾಕು.

ಅವರ ಪರಿಚಯವಾದದ್ದು ಬಸಳೆಯಿಂದ. ಹೋಟೆಲು ಶುರು ಮಾಡಿದ ಹೊಸತು. ನಮ್ಮ ಕಡೆಯ ಗಿರಾಕಿಗಳು ಬಂದು ಬಂದು, "ಅಣ್ಣಾ, ಬಸಳೆ ಗಸಿ ಇಲ್ವಾ?" ಎಂದು ಕೇಳುತ್ತಿದ್ದರು. ಎಲ್ಲಿಂದ ತರುವುದು? ಒಂದು ಬೆಳಿಗ್ಗೆ ಸಗಟು ಮಾರುಕಟ್ಟೆಯಲ್ಲಿ ಒಬ್ಬ ಕುಳ್ಳ ಹೆಂಗಸಿನ ಬುಟ್ಟಿಯಲ್ಲಿ ಕಂಡಿತು: ಕೆಂಪು ದಂಟು, ದಪ್ಪ ಎಲೆ, ಸಾಕ್ಷಾತ್ ಬಸಳೆ. ನಾನು ಊರವರ ಮುಖ ಕಂಡವನಂತೆ ಕೂಗಿಬಿಟ್ಟೆ. ಒಂದು ಎಲೆಯನ್ನು ಹಸಿಯಾಗಿಯೇ ಬಾಯಿಗೆ ಹಾಕಿದೆ. ಆ ಹೆಂಗಸು ಹೊಟ್ಟೆ ಹಿಡಿದು ನಕ್ಕು, ಕೂಡಲೇ ರೇಟು ಏರಿಸಿದರು.

"ಅಲ್ಲ, ಅಲ್ಲಿ ಬರೆದದ್ದು ಬೇರೆ ಉಂಟಲ್ಲ?" ಎಂದೆ ರಟ್ಟಿನ ಬೋರ್ಡು ತೋರಿಸಿ.

"ಅದು ಸುಮ್ಮನೆ ನಿಂತು ಕೇಳುವವರಿಗೆ. ನೀನು ಹಲ್ಲು ತೋರಿಸಿದೆ. ಸೊಪ್ಪು ಕೊಳ್ಳುವಾಗ ಹಲ್ಲು ತೋರಿಸಬಾರದು, ತಮ್ಮ."

ಆ ಪಾಠವನ್ನು ನಾನು ಇವತ್ತಿಗೂ ಮರೆತಿಲ್ಲ. ಮುಂದಿನ ವಾರದಿಂದ ಅವರ ತೋಟಕ್ಕೇ ಹೋಗತೊಡಗಿದೆ.

ತೋಟವೆಂದರೆ ಎಂಥ ತೋಟ! ಮೊದಲು ನೋಡಿದಾಗ ಹುಚ್ಚರು ಬಿತ್ತಿದಂತಿತ್ತು. ಬದನೆಯ ನಡುವೆ ಅಲಸಂಡೆ, ಅಲಸಂಡೆಯ ಬುಡದಲ್ಲಿ ಹರಿವೆ, ಹರಿವೆಯ ಒಳಗಿಂದ ಒಂದು ಕುಂಬಳ ತಲೆಯೆತ್ತಿ ನೋಡುತ್ತಿದೆ. ಎಲ್ಲೂ ಒಂದು ನೆಟ್ಟಗಿನ ಸಾಲಿಲ್ಲ. ಕೋಳಿಗಳು ಬೇರೆ. ಅವಕ್ಕೆಲ್ಲ ಟಿವಿಯಲ್ಲಿ ಸುದ್ದಿ ಓದುವ ಹೆಂಗಸರ ಹೆಸರು. ಬೊಂಗ್ ತಲೆಗೆ ನಮ್ಮ ಬೈರಾಸಿನಂಥದೇ ಚೌಕುಳಿ ವಸ್ತ್ರ ಕಟ್ಟಿಕೊಂಡು ಆ ಗೊಂದಲದ ನಡುವೆ ಓಡಾಡುತ್ತಿದ್ದರು. ಬಿಸಿಲಿಗೆ ಅದೇ ಮುಂಡಾಸು, ಸೊಪ್ಪು ಕೊಯ್ದರೆ ಅದೇ ಚೀಲ, ಊಟಕ್ಕೆ ಕೂತರೆ ಅದೇ ಮಣೆ.

ನನ್ನ ಜೊತೆ ಒಮ್ಮೆ ಪಾಟೀಲರು ಬಂದಿದ್ದರು. ಹುಬ್ಬಳ್ಳಿಯವರು, ರೌಸ್ ಹಿಲ್‌ನಲ್ಲಿ ಮನೆ, ನಾರ್ವೆಸ್ಟ್‌ನ ಆಫೀಸಿನಲ್ಲಿ ದೊಡ್ಡ ಕೆಲಸ. ಕೊರಳಿನ ಐಡಿ ಕಾರ್ಡನ್ನು ತೆಗೆಯುವುದೇ ಮರೆತುಬಿಡುತ್ತಾರೆ. ಬೊಂಗ್ ಪಾಟೀಲರಿಗೆ "ಬಿಗ್ ಬಾಸ್" ಎಂದೇ ಹೆಸರಿಟ್ಟಿದ್ದರು. ಪಾಟೀಲರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಅಕ್ಕಾರ, ಸಾಲ್ ಹಿಡದು ಹಚ್ಚಿದ್ರ ನೀರು ಉಳೀತದ, ಕೆಲಸಾನೂ ಹಗರ ಆಗ್ತದ." ಅವರ ಆಫೀಸಿನ ಇಂಗ್ಲಿಷು ಬೊಂಗ್‌ಗೆ ಹತ್ತುವುದಿಲ್ಲ, ನಾನು ನನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದೆ.

ಬೊಂಗ್ ನಗುತ್ತಲೇ ಹೇಳಿದರು: "ಬಿಗ್ ಬಾಸ್, ನಾಲ್ಕು ವರ್ಷ ಸಾಲಿನಲ್ಲೇ ನೆಟ್ಟಿದ್ದೇನೆ. ಸಾಲಿನಲ್ಲಿ ನಡೆದೆ, ಸಾಲಿನಲ್ಲಿ ನಿಂತು ಗಂಜಿ ಕುಡಿದೆ. ಈಗ ಸಾಲು ನೋಡಿದರೆ ನನಗೆ ಹಸಿವಾಗುತ್ತದೆ."

ಪಾಟೀಲರು ಐಡಿ ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಆ ತೋಟದಲ್ಲಿ ಅವರು ಕೆಸುವಿನ ಗೆಡ್ಡೆ ನೆಡುವಾಗ ಬೇಕೆಂದೇ ಅಡ್ಡಾದಿಡ್ಡಿ ನೆಡುತ್ತಿದ್ದರು.

ನಮಗೆ ಗೊತ್ತಾದದ್ದು ಹೀಗೆ ಸ್ವಲ್ಪ ಸ್ವಲ್ಪವೇ. ಎಪ್ಪತ್ತರ ದಶಕದಲ್ಲಿ ಅವರ ದೇಶಕ್ಕೆ ಒಂದು ಕೆಂಪು ಸರಕಾರ ಬಂತಂತೆ. ಕ್ರಾಂತಿ ಎಂದು ಹೇಳಿ ಊರೆಲ್ಲ ಖಾಲಿ ಮಾಡಿಸಿ, ಶಾಲೆ ಮುಚ್ಚಿ, ಎಲ್ಲರನ್ನೂ ಗದ್ದೆಗೆ ದಬ್ಬಿದರಂತೆ. ಮನೆಯಲ್ಲಿ ಒಲೆ ಹಚ್ಚಿದರೆ ತಪ್ಪು, ಬೆಳೆದ ಅಕ್ಕಿ ತಿಂದರೆ ತಪ್ಪು, ಕನ್ನಡಕ ಹಾಕಿದರೂ ತಪ್ಪು. ಲಕ್ಷ ಲಕ್ಷ ಜನ ಹಸಿವೆಯಿಂದ, ಹೊಡೆತದಿಂದ ಸತ್ತರು. ಬೊಂಗ್ ಅವರ ಗಂಡನೂ ಹೋದರು, ಚಿಕ್ಕ ಮಗನೂ ಹೋದ. ಇದನ್ನು ಅವರು ಹೇಳಿದ್ದು ಒಂದೇ ಸಲ, ಅದೂ ಮೂಲಂಗಿ ತೊಳೆಯುತ್ತಾ. ಆಮೇಲೆ, "ಆಯಿತು. ನೀನು ಊಟ ಮಾಡಿದೆಯಾ?" ಎಂದರು. ಅವರಲ್ಲಿಯೂ ನಮ್ಮ ಹಾಗೆಯೇ, ಎದುರು ಸಿಕ್ಕವರಿಗೆ ಮೊದಲ ಮಾತು ಊಟ ಆಯಿತಾ ಎಂಬುದೇ.

ಆದರೆ ಬೊಂಗ್ ಎಂದರೆ ದುಃಖದ ಮೂಟೆ ಎಂದುಕೊಂಡರೆ ನಾನು ಬರೆದದ್ದು ದಂಡ. ಪ್ಯಾರಮಟ್ಟಾದಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವದ ಊಟಕ್ಕೆ ತರಕಾರಿ ಇಳಿಸಲು ಬಂದವರು, ಕೋಲಾಟ ಕಂಡು ಗಾಡಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ನುಗ್ಗಿದರು. ಅವರ ದೇಶದಲ್ಲಿಯೂ ಸುತ್ತು ನಿಂತು ಕೈ ತಿರುಗಿಸುತ್ತಾ ಕುಣಿಯುವ ಒಂದು ಕುಣಿತ ಇದೆ. ಅರ್ಧ ಗಂಟೆಯಲ್ಲಿ ಪಾಟೀಲರ ಹೆಂಡತಿ ಸಮೇತ ಹತ್ತು ಹನ್ನೆರಡು ಹೆಂಗಸರು ಕೋಲು ಬಿಟ್ಟು ಬೆರಳು ಬಾಗಿಸುವುದನ್ನು ಕಲಿಯುತ್ತಿದ್ದರು. ಅಧ್ಯಕ್ಷರ ಭಾಷಣ ಹಾಗೆಯೇ ಉಳಿಯಿತು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅಧ್ಯಕ್ಷರನ್ನು ಬಿಟ್ಟು.

ಈಗ ಪ್ರಕಾಶನ ವಿಷಯಕ್ಕೆ ಬರಬೇಕು. ಪ್ರಕಾಶ ನನ್ನ ಹೆಂಡತಿ ಸುಮತಿಯ ತಮ್ಮ. ಅಡುಗೆ ಕಲಿಯುವ ಕೋರ್ಸಿಗೆಂದು ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ನನ್ನ ಹೋಟೆಲಿನಲ್ಲೇ ಇದ್ದ. ತೋಟದಿಂದ ಸೊಪ್ಪು ತರುವುದು ಅವನ ಕೆಲಸ. ಒಂದು ದಿನ ಸೊಪ್ಪು ಕೊಯ್ಯುತ್ತಾ ಅಭ್ಯಾಸ ಬಲದಿಂದ ಸೀಟಿ ಹಾಕಿದನಂತೆ. ಬೊಂಗ್ ಕೈಯ ಕತ್ತಿ ಕೆಳಗಿಟ್ಟು, "ಸೀಟಿ ಬೇಡ. ಆ ಕಾಲದಲ್ಲಿ ಸೀಟಿ ಊದಿದರೆ ಗದ್ದೆಗೆ ಓಡಬೇಕಿತ್ತು. ಹಾಡು ಬರುವುದಿಲ್ಲವಾ ನಿನಗೆ?" ಎಂದರು. ಇವನು ಒಂದು ಸಿನಿಮಾ ಹಾಡು ತೆಗೆದ. ನಮ್ಮ ಪ್ರಕಾಶನ ಕಂಠ ಎಂಥದ್ದೆಂದರೆ ಹೋಟೆಲಿನಲ್ಲಿ ಹಾಡಲು ನಾನು ಬಿಡುವುದಿಲ್ಲ. ಕುಂಬಳದ ಚಪ್ಪರದ ಆಚೆಯಿಂದ ಒಂದು ಹುಡುಗಿ ಬಿದ್ದು ಬಿದ್ದು ನಕ್ಕಳು.

ಅವಳು ಬೊಂಗ್ ಅವರ ಅಕ್ಕನ ಮಗಳು, ಬೊಫಾ. ಮೆಲ್ಬೋರ್ನ್‌ನಲ್ಲಿ ನರ್ಸು. ರಜೆ ಸಿಕ್ಕಾಗಲೆಲ್ಲ ಚಿಕ್ಕಮ್ಮನ ತೋಟಕ್ಕೆ ಬರುತ್ತಿದ್ದಳು. ಬೊಫಾ ಎಂದರೆ ಹೂವು ಎಂದು ತಿಳಿದ ದಿನವೇ ಸುಮತಿ ಅವಳನ್ನು ಪುಷ್ಪಾ ಮಾಡಿದಳು. ವರ್ಷ ಕಳೆಯುವುದರೊಳಗೆ ಪ್ರಕಾಶ ಹದಿನೈದು ದಿನಕ್ಕೊಮ್ಮೆ ಮೆಲ್ಬೋರ್ನ್ ಬಸ್ಸು ಬುಕ್ ಮಾಡತೊಡಗಿದ. ಕೇಳಿದರೆ, "ಎಂತ ಇಲ್ಲ ಬಾವ, ಅಲ್ಲಿ ಟ್ರ್ಯಾಮ್ ನೋಡ್ಲಿಕ್ಕೆ" ಎನ್ನುತ್ತಿದ್ದ.

ನಾವು ಮದುವೆಯ ಮಾತು ಎತ್ತಿದಾಗ ಬೊಂಗ್ ಕುಣಿದಾಡಿದರು. ಆದರೆ ಹುಡುಗಿಯ ಅಮ್ಮನನ್ನು ಕಾಣಲು ಯಾವಾಗ ಹೋಗುವುದು ಎಂದಾಗ, "ನೀವು ಹೋಗಿ" ಎಂದರು. ಅಷ್ಟೇ.

ಕಾರಣ ತಿಳಿದದ್ದು ಟಿವಿಯಿಂದ. ಕೆಂಪು ಸರಕಾರದ ಉಳಿದ ನಾಯಕರನ್ನು ಮುದುಕರಾದ ಮೇಲೆ ಹಿಡಿದು ವಿಚಾರಣೆಗೆ ಕೂರಿಸಿದ ಸುದ್ದಿ ಆಗ ದಿನಾ ಬರುತ್ತಿತ್ತು. ಅವರಲ್ಲಿ ಹೆಂಗಸರೂ ಇದ್ದರು. ಬೊಂಗ್ ನನ್ನ ಹೋಟೆಲಿನಲ್ಲಿ ಕೂತು ಅದನ್ನು ನೋಡುತ್ತಾ, ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಾ ಹೇಳಿದರು. ಅವರ ಅಕ್ಕ ಅಂಥ ಒಬ್ಬ ದೊಡ್ಡ ನಾಯಕನ ಹೆಂಡತಿಯ ಬಲಗೈಯಾಗಿದ್ದಳು. ಅಕ್ಕನ ಗಂಡ ಒಂದು ಸೀಮೆಗೇ ಮುಖ್ಯಸ್ಥ. ಹಳ್ಳಿ ಹಳ್ಳಿಗೆ ಜೀಪಿನಲ್ಲಿ ಹೋಗಿ ಗದ್ದೆಯ ಹೆಂಗಸರನ್ನು ನಿಲ್ಲಿಸಿ, ನಿಮ್ಮ ಮಕ್ಕಳು ಇನ್ನು ನಿಮ್ಮವರಲ್ಲ, ಕ್ರಾಂತಿಯ ಮಕ್ಕಳು ಎಂದು ಭಾಷಣ ಮಾಡುವುದು ಅಕ್ಕನ ಕೆಲಸ. ಒಮ್ಮೆ ಬೊಂಗ್ ಇದ್ದ ಗದ್ದೆಗೇ ಬಂದಳು. ತಂಗಿಯನ್ನು ನೋಡಿದಳು. ನೋಡಿ, ಮುಖ ತಿರುಗಿಸಿ, ಭಾಷಣ ಮುಂದುವರಿಸಿದಳು. ಆ ಮಳೆಗಾಲದಲ್ಲೇ ಬೊಂಗ್ ಅವರ ಮಗ ತೀರಿಕೊಂಡದ್ದು.

"ಗುರುತು ಹಿಡಿದಿದ್ದರೆ ನಿನ್ನನ್ನೂ ಕೊಲ್ಲುತ್ತಿದ್ದರು, ಅದಕ್ಕೆ ಹಾಗೆ ಮಾಡಿದೆ ಎಂದು ಈಗ ಮಗಳ ಬಾಯಲ್ಲಿ ಹೇಳಿ ಕಳಿಸುತ್ತಾಳೆ" ಎಂದರು ಬೊಂಗ್. "ನಿಜವಿರಬಹುದು. ಸುಳ್ಳೂ ಇರಬಹುದು. ಎರಡರಿಂದಲೂ ನನ್ನ ಮಗ ಬರುವುದಿಲ್ಲ."

ಆ ಸರಕಾರ ಬಿದ್ದ ಮೇಲೆ ಅಕ್ಕನ ಗಂಡ ಸತ್ತ. ಅಕ್ಕ ಬಸುರಿ, ಗಡಿಯ ಕ್ಯಾಂಪು ಸೇರಿ, ಮಗು ಹೆತ್ತು, ಎಲ್ಲರ ಹಾಗೆ ಆಸ್ಟ್ರೇಲಿಯಕ್ಕೆ ಬಂದಳು. ತಂಗಿ ಸಿಡ್ನಿಯಲ್ಲಿದ್ದಾಳೆಂದು ತಿಳಿದು, ಮಗಳು ದೊಡ್ಡವಳಾದ ಮೇಲೆ ಅವಳೊಬ್ಬಳನ್ನೇ ಬಸ್ಸು ಹತ್ತಿಸಿ ಕಳಿಸಿದಳು. ಬೊಂಗ್ ಹುಡುಗಿಯನ್ನು ಅಪ್ಪಿಕೊಂಡರು. ಅಕ್ಕನಿಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಅವಳ ಹೊಸ್ತಿಲು ತುಳಿಯುವುದಿಲ್ಲ, ಅವಳ ಮನೆಯ ಅನ್ನ ಮುಟ್ಟುವುದಿಲ್ಲ ಎಂದು ಅವರು ಹಿಡಿದ ಹಟ.

ಪಾಟೀಲರಿಗೆ ಇದನ್ನು ಹೇಳಿದೆ. "ಅಲ್ರೀ, ಅಂಥಾಕಿ ಮನಿಗೆ ಬೀಗರಾಗೋದೇನ್ರಿ? ಬೊಂಗ್ ಅಕ್ಕಾರಿಗೆ ಹ್ಯಾಂಗ ಅನಸ್ಬೇಕು?" ಎಂದರು. ನನಗೂ ಅದೇ ಚಿಂತೆ. ಸೀದಾ ತೋಟಕ್ಕೆ ಹೋಗಿ ಕೇಳಿದೆ: "ಬೊಂಗ್, ನೀವು ಬೇಡ ಅಂದರೆ ಈ ಸಂಬಂಧ ಬೇಡ."

ಅವರು ನನ್ನ ಕೈ ಮೇಲೆ ಒಂದು ಪೆಟ್ಟು ಕೊಟ್ಟರು. "ಹುಚ್ಚ. ಹುಡುಗಿ ಮಾಡಿದ್ದೇನು? ಅದೆಲ್ಲ ಮುಗಿದ ಮೇಲೆ ಹುಟ್ಟಿದವಳು. ತೆಗೆದುಕೋ. ಒಳ್ಳೆಯ ಬೀಜ ಯಾವ ಮಣ್ಣಿನಲ್ಲಿ ಸಿಕ್ಕಿದರೂ ಬಿಡಬಾರದು."

ಹುಡುಗಿ ಇನ್ನೊಂದು ಹಟ ಹಿಡಿದಳು. ಚಿಕ್ಕಮ್ಮ ಬರದಿದ್ದರೆ ಮದುವೆಯೇ ಬೇಡ. ಅವರ ಪದ್ಧತಿಯಲ್ಲಿ ಮದುವೆಯ ದಿನ ಹಿರಿಯರು ಮದುಮಕ್ಕಳ ಮುಂಗೈಗೆ ಕೆಂಪು ದಾರ ಕಟ್ಟಿ ಹರಸಬೇಕು. "ನನಗೆ ಬೇರೆ ಯಾರೂ ಇಲ್ಲ, ಅಂಕಲ್" ಎಂದು ನನ್ನ ಮುಂದೆ ಅತ್ತಳು. ನಿಜವೇ. ಟಿವಿಯ ಸುದ್ದಿ ಶುರುವಾದ ಮೇಲೆ ಮೆಲ್ಬೋರ್ನ್‌ನ ಅವರ ಜನಕ್ಕೆ ಅಮ್ಮನ ಗುರುತು ಹತ್ತಿತ್ತು. ಆಮಂತ್ರಣ ಸಿಕ್ಕವರೆಲ್ಲ ಒಂದೊಂದು ನೆಪ ಹೇಳಿದ್ದರು. ಅವರನ್ನೂ ಹೇಗೆ ದೂರುವುದು?

ಒಂದು ಮಧ್ಯಾಹ್ನ ಬೊಂಗ್ ಹೋಟೆಲಿಗೆ ಬಂದು ನೇರ ಸುಮತಿಯ ಮುಂದೆ ನಿಂತರು.

"ಹುಡುಗ ನಿನಗೆ ಏನಾಗಬೇಕು?"

"ತಮ್ಮ."

"ನಿನ್ನ ಗಂಡ ನನಗೆ ಏನಾಗಬೇಕು?"

"ತಮ್ಮ ಅಂತ ನೀವೇ ಕರೀತೀರಲ್ಲ ಅಕ್ಕ."

"ಹಾಗಾದರೆ ನಾನು ಹುಡುಗನ ಬಾವನ ಅಕ್ಕ. ಗಂಡಿನ ಕಡೆಯವಳು. ನಿಮ್ಮ ಜೊತೆ ಬರುತ್ತೇನೆ. ಗೇಟಿನವರೆಗೆ. ದಾರ ಗೇಟಿನ ಹೊರಗೇ ಕಟ್ಟುತ್ತೇನೆ. ಹೊಸ್ತಿಲು ದಾಟುವುದಿಲ್ಲ."

ಸುಮತಿ ಅವರನ್ನು ತಬ್ಬಿಕೊಂಡು, "ಅಯ್ಯೋ ಅಕ್ಕ, ಗಂಡಿನ ಕಡೆಯವರಿಗೆ ಸೀರೆ ಉಡಿಸದೆ ಬಿಡ್ಲಿಕ್ಕುಂಟಾ!" ಎಂದಳು. ಬೊಫಾಳಿಗೆ ಫೋನ್ ಮಾಡಿದೆವು. ಗೇಟಿನವರೆಗೆ ಬಂದರೂ ಸಾಕು ಎಂದಳು ಪಾಪ.

ಸಿಡ್ನಿಯಿಂದ ಮೆಲ್ಬೋರ್ನ್‌ಗೆ ಎರಡು ವ್ಯಾನಿನಲ್ಲಿ ನಮ್ಮ ದಿಬ್ಬಣ ಹೊರಟಿತು. ಅರ್ಧ ತುಳು, ಅರ್ಧ ಹುಬ್ಬಳ್ಳಿ ಕನ್ನಡ, ಹಿಂದಿನ ಸೀಟಿನ ಮಕ್ಕಳದ್ದು ಬರೀ ಇಂಗ್ಲಿಷು. ಬೊಂಗ್ ಮುಂದಿನ ಸೀಟು ಬಿಟ್ಟುಕೊಡಲಿಲ್ಲ. ಕುರಿ ಮೇಯುವ ಬಯಲು ಕಂಡಲ್ಲೆಲ್ಲ ಕಿಟಕಿ ಇಳಿಸಿ, "ಇಷ್ಟು ಭೂಮಿ! ಒಂದು ಸೊಪ್ಪಿಲ್ಲ! ನಾಚಿಕೆಯಾಗಬೇಕು!" ಎಂದು ಕುರಿಗಳಿಗೆ ಬೈದರು. ಪಾಟೀಲರು ಹಿಂದಿನಿಂದ, "ಅಕ್ಕಾರ, ಕುರಿಗಳಿಗೆ ಇಂಗ್ಲಿಷ್ ಬರಂಗಿಲ್ಲ, ಬಿಡ್ರಿ" ಎಂದರು. ಪಾಟೀಲರ ಕನ್ನಡ ಬೊಂಗ್‌ಗೆ ತಿಳಿಯಲಿಲ್ಲ, ಆದರೂ ಇಬ್ಬರೂ ನಕ್ಕರು. ಮೆಲ್ಬೋರ್ನ್ ಹತ್ತಿರವಾದಂತೆ ಮಾತ್ರ ಬೊಂಗ್ ಕಿಟಕಿ ಏರಿಸಿದರು.

ಅವರ ಮದುವೆಯಲ್ಲಿ ಗಂಡಿನ ಕಡೆಯವರು ಬೆಳಿಗ್ಗೆ ಹಣ್ಣು ಹಂಪಲು, ತಿಂಡಿ ತುಂಬಿದ ತಟ್ಟೆಗಳನ್ನು ಎತ್ತಿಕೊಂಡು ಮೆರವಣಿಗೆಯಲ್ಲಿ ಹೆಣ್ಣಿನ ಮನೆಗೆ ಹೋಗಬೇಕು. ಅಲ್ಲಿ ಇಬ್ಬಿಬ್ಬರಾಗಿ ಒಳಗೆ ಹೋಗಬೇಕು. ಬೊಂಗ್ ನಾವು ಇಳಿದಿದ್ದ ಮನೆಯಲ್ಲಿ ಬೆಳಗಿನ ಜಾವವೇ ಎದ್ದು ಹತ್ತು ತಟ್ಟೆ ಜೋಡಿಸಿ, ಸೀರೆ ಉಡಿಸಿಕೊಳ್ಳಲು ಕೂತರು. ಹಸಿರು ರೇಷ್ಮೆ ಸೀರೆ, ತಲೆಗೆ ಮಲ್ಲಿಗೆ. ಕನ್ನಡಿ ನೋಡಿಕೊಂಡು, "ಈಗ ನನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲ" ಎಂದರು. ಆಗ ಅವರ ಮುಖ ನಾನು ನೋಡಿದೆ. ನಗುತ್ತಿದ್ದರು, ಆದರೆ ಕೈ ಸೆರಗನ್ನು ಮತ್ತೆ ಮತ್ತೆ ಸರಿಮಾಡುತ್ತಿತ್ತು.

ಹೆಣ್ಣಿನ ಮನೆಯ ಬೀದಿಯಲ್ಲಿ ಇಳಿದು ಸಾಲು ಕಟ್ಟಿದೆವು. ಬೀದಿ ಖಾಲಿ. ಎದುರು ಮನೆಯ ಆಸ್ಟ್ರೇಲಿಯದ ಮುದುಕನೊಬ್ಬ ಗಿಡಕ್ಕೆ ನೀರು ಬಿಡುತ್ತಿದ್ದವನು ಪೈಪು ಹಿಡಿದೇ ಬಾಯಿ ಬಿಟ್ಟು ನಿಂತ. ಬ್ಯಾಂಡು ಬಾರಿಸುವವರು ಬರಲಿಲ್ಲವಾದ್ದರಿಂದ ಪಾಟೀಲರ ಹೆಂಡತಿ ಸೋಬಾನೆ ಎತ್ತಿದರು, ನಾವು ಸೊಲ್ಲು ಸೇರಿಸಿದೆವು. ಮುಂದೆ ಪ್ರಕಾಶ, ಅವನ ಹಿಂದೆ ಜೋಡಿ ಜೋಡಿಯಾಗಿ ನಾವು, ಕೊನೆಗೆ ಬೊಂಗ್. ಅವರ ಕೈಯಲ್ಲಿಯೂ ಒಂದು ತಟ್ಟೆ: ತೆಂಗಿನಕಾಯಿ, ವೀಳ್ಯದೆಲೆ, ಅರಸಿನ ಕುಂಕುಮ. ಹೊರಡುವ ಗಡಿಬಿಡಿಯಲ್ಲಿ ಸುಮತಿ, "ಹಿರಿಯರು ನೀವು, ಖಾಲಿ ಕೈಯಲ್ಲಿ ಬರಬಾರದು ಅಕ್ಕ" ಎಂದು ಹಿಡಿಸಿದ್ದಳು. ಬೊಂಗ್ ಗಮನ ಎಲ್ಲೋ ಇತ್ತು, ಹಿಡಿದುಕೊಂಡಿದ್ದರು.

ಗೇಟಿನಲ್ಲಿ ಅವರ ಪುರೋಹಿತರು ನಿಂತಿದ್ದರು. ಬಿಳಿ ಅಂಗಿಯ ಮುದುಕರು, ಅವರ ಜನರ ಪೈಕಿ ಬಂದವರು ಅವರೊಬ್ಬರೇ. ಹಿಂದೆ ಬಾಗಿಲಲ್ಲಿ ಹುಡುಗಿಯ ಅಮ್ಮ. ನಾನು ಏನೋ ಭಯಂಕರ ಆಕೃತಿ ನೆನೆಸಿಕೊಂಡಿದ್ದೆ. ನೋಡಿದರೆ ಬೊಂಗ್ ಅವರ ಹಾಗೆಯೇ ಕುಳ್ಳ, ಇನ್ನೂ ತೆಳ್ಳಗೆ, ಕೈ ಜೋಡಿಸಿ ತಲೆ ತಗ್ಗಿಸಿ ನಿಂತಿದ್ದಾಕೆ. ಪುರೋಹಿತರು ಜೋಡಿ ಜೋಡಿಯಾಗಿ ನಮ್ಮನ್ನು ಒಳಗೆ ಬಿಟ್ಟರು. ಕೊನೆಗೆ ಉಳಿದದ್ದು ಬೊಂಗ್, ಅವರ ಕೈಯಲ್ಲಿ ಒಂಟಿ ತಟ್ಟೆ.

ಪುರೋಹಿತರು ಕೈ ಅಡ್ಡ ಹಿಡಿದರು. ಅವರ ಭಾಷೆಯಲ್ಲಿ ಏನೋ ಕೇಳಿದರು. ಬೊಂಗ್ ತಟ್ಟೆ ನೋಡಿದರು, ನಮ್ಮನ್ನು ನೋಡಿದರು.

"ಇದು ಯಾರು ಸೇರಿಸಿದ್ದು?"

ಸುಮತಿ ಹೆದರಿದಳು. "ನಾನು ಅಕ್ಕ. ಹತ್ತು ಇತ್ತು. ಶುಭಕಾರ್ಯಕ್ಕೆ ಸಮಸಂಖ್ಯೆ ಆಗ್ತದಾ? ನಮ್ಮಲ್ಲಿ ಬೆಸ ಅಲ್ವಾ? ಅದಕ್ಕೆ ಹನ್ನೊಂದು ಮಾಡಿದೆ."

"ನಮ್ಮಲ್ಲಿ ಎಲ್ಲ ಜೋಡಿ! ಒಂಟಿ ತಟ್ಟೆ ಮದುವೆ ಮನೆಗೆ ಹೋದರೆ ಗಂಡ ಹೆಂಡತಿಯಲ್ಲಿ ಒಬ್ಬರು ಒಂಟಿಯಾಗುತ್ತಾರೆ!"

"ಅಯ್ಯೋ ದೇವರೇ. ಹಾಗಾದ್ರೆ ಇದನ್ನು ವಾಪಸ್ ವ್ಯಾನಿಗೆ..."

"ತಂದ ತಟ್ಟೆ ಹಿಂದೆ ಹೋಗಬಾರದು. ನೆಲಕ್ಕೂ ಇಡಬಾರದು."

ಪಾಟೀಲರು, "ಯಪ್ಪಾ, ಸಿಕ್ಕಿಬಿದ್ವಿ" ಎಂದರು ಮೆಲ್ಲಗೆ. ಬೊಂಗ್ ನಗತೊಡಗಿದರು. ಮಲ್ಲಿಗೆ ಅಲುಗಾಡುವ ಹಾಗೆ, ತಟ್ಟೆಯ ತೆಂಗಿನಕಾಯಿ ಉರುಳಾಡುವ ಹಾಗೆ. ಕಣ್ಣಲ್ಲಿ ನೀರು. ಅದು ನಗುವಿನದೇ ಎಂದು ನಾನು ಅಂದುಕೊಂಡಿದ್ದೇನೆ.

ಅಷ್ಟರಲ್ಲಿ ಬಾಗಿಲಲ್ಲಿದ್ದ ಅಕ್ಕ ಕಾಣಲಿಲ್ಲ. ಒಳಗೆ ಓಡಿದ್ದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಊಟದ ತಟ್ಟೆ, ಅದರಲ್ಲಿ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಸೇಬುಗಳು, ನೀರು ತೊಟ್ಟಿಕ್ಕುತ್ತಿದ್ದವು. ಗೇಟಿನ ಹೊರಗೆ ಬಂದು, ತಂಗಿಯ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು ನಿಂತಳು. ಕಿಟಕಿಯಲ್ಲಿ ಬೊಫಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಸೋಬಾನೆ ನಿಂತಿತ್ತು.

ಬೊಂಗ್ ನಗು ನಿಲ್ಲಿಸಿ, ಆ ಸೇಬುಗಳನ್ನು ಮಾರುಕಟ್ಟೆಯಲ್ಲಿ ನೋಡುವ ಹಾಗೆ ನೋಡಿದರು. ಮೆಲ್ಲಗೆ ಕೈ ಚಾಚಿ, ಒಂದು ಸೇಬಿಗೆ ಅಂಟಿದ್ದ ಸ್ಟಿಕ್ಕರನ್ನು ಉಗುರಿನಿಂದ ಕಿತ್ತರು. ಏನೋ ಒಂದು ಮಾತು ಹೇಳಿದರು. ಮೂವತ್ತು ವರ್ಷದ ಮೇಲೆ ಅಕ್ಕನಿಗೆ ಆಡಿದ ಮೊದಲ ಮಾತು ಏನೆಂದು ನಾನು ಆಮೇಲೆ ಕೇಳಿ ತಿಳಿದುಕೊಂಡೆ: "ಮದುವೆ ಹಣ್ಣಿಗೆ ಸ್ಟಿಕ್ಕರ್ ಇರಬಾರದು ಅಂತ ಗೊತ್ತಾಗಲಿಲ್ಲವಾ ನಿನಗೆ?"

ಅಕ್ಕ ಗಡಿಬಿಡಿಯಿಂದ ಉಳಿದ ಸ್ಟಿಕ್ಕರುಗಳನ್ನೆಲ್ಲ ಕಿತ್ತಳು. ತಟ್ಟೆ ಹನ್ನೆರಡಾಯಿತು, ಪುರೋಹಿತರು ದಾರಿ ಬಿಟ್ಟರು. ಇಬ್ಬರೂ ಒಂದೇ ಹೆಜ್ಜೆಗೆ, ಭುಜಕ್ಕೆ ಭುಜ ತಾಗದಂತೆ, ಎರಡು ತಟ್ಟೆ ಹಿಡಿದು ಒಳಗೆ ಹೋದರು. ಪಾಟೀಲರ ಹೆಂಡತಿ ಸೋಬಾನೆಯನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲ್ಲ, ಮೊದಲಿನಿಂದಲೇ ಎತ್ತಿದರು. ಎದುರು ಮನೆಯ ಮುದುಕ ಪೈಪು ಬಿಟ್ಟು ಚಪ್ಪಾಳೆ ತಟ್ಟಿದ.

ದಾರ ಕಟ್ಟುವಾಗ ಬೊಂಗ್ ಎರಡು ಮೂರು ಗಂಟು ಜಾಸ್ತಿಯೇ ಹಾಕಿದರು. ಪ್ರಕಾಶ ಮುಂಗೈ ನೋವು ಎಂದ. ಆಮೇಲೆ ಊಟ. ನಾವು ಗಂಡಿನ ಕಡೆಯವರೆಲ್ಲ ಒಂದು ಪಂಕ್ತಿ. ಅಕ್ಕ ತಾನೇ ಬಡಿಸುತ್ತಾ ಬಂದಳು. ಬೊಂಗ್ ಮುಂದೆ ಬಟ್ಟಲು ಇಟ್ಟಾಗ ಸೂಪು ಸ್ವಲ್ಪ ಚೆಲ್ಲಿತು. ಬೊಂಗ್ ಬಟ್ಟಲನ್ನು ಮುಟ್ಟದೆ ಕೂತರು. ನಾವೆಲ್ಲ ಅವರ ಕೈಯನ್ನೇ ನೋಡುತ್ತಿದ್ದೆವು, ತಿನ್ನುವುದು ಬಿಟ್ಟು. ಎಷ್ಟು ಹೊತ್ತೋ. ಕೊನೆಗೆ ಅವರು ಚಮಚ ಎತ್ತಿ, ಒಂದು ಗುಟುಕು ಕುಡಿದು, ಮುಖ ಕಿವುಚಿ, ಸುಮತಿಯ ಕಡೆ ತಿರುಗಿ ಇಡೀ ಮನೆಗೆ ಕೇಳುವಂತೆ ಹೇಳಿದರು:

"ಹೆಣ್ಣಿನ ಕಡೆಯವರ ಅಡುಗೆ ಇಷ್ಟೇ. ಉಪ್ಪೇ ಇಲ್ಲ!"

ಗಂಡಿನ ಕಡೆಯವರು ಊಟದಲ್ಲಿ ಕೊಂಕು ತೆಗೆಯುವುದು ನಮ್ಮಲ್ಲಿ ಹಕ್ಕು ಎಂದು ಸೀರೆ ಉಡಿಸುವಾಗ ಸುಮತಿಯೇ ಹೇಳಿಕೊಟ್ಟಿದ್ದಳಂತೆ. ಮನೆಯೆಲ್ಲ ಗೊಳ್ಳೆಂದಿತು. ಅಕ್ಕ ಅಳುತ್ತಲೋ ನಗುತ್ತಲೋ ಉಪ್ಪಿನ ಡಬ್ಬಿ ತಂದು ಮುಂದೆ ಹಿಡಿದಳು. ಬೊಂಗ್ ಚಿಟಿಕೆ ಉಪ್ಪು ಹಾಕಿ, ಕಲಕಿ, ಬಟ್ಟಲು ಎತ್ತಿ ತಳದವರೆಗೆ ಕುಡಿದರು. ಆಮೇಲೆ ಅಕ್ಕನ ಮುಖ ನೋಡದೆಯೇ ಖಾಲಿ ಬಟ್ಟಲನ್ನು ಅವಳ ಕಡೆ ಚಾಚಿದರು, ಇನ್ನೊಂದು ಸೌಟು ಹಾಕು ಎಂದು.